ಹದ್ದಿನ ಹೆಸರು ಹಾರಿಬಂದ ದಾರಿ

ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಇರುವ ಸಿರಿಗೆರೆ ಶಾಲೆಗಳ ಊರು. ಮಧ್ಯಾಹ್ನದ ಬಿಸಿಲು ಏರಿದಾಗ ಅಲ್ಲಿನ ಬಯಲಿನ ಮೇಲೆ ದೊಡ್ಡದೊಂದು ಹಕ್ಕಿ ರೆಕ್ಕೆ ಬಡಿಯದೆ ಸುತ್ತು ಹೊಡೆಯುತ್ತದೆ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯೇ ಅದಕ್ಕೆ ಏಣಿ. ಕೆಳಗಿನಿಂದ ಮಗು ಬೆರಳು ತೋರಿಸಿ ಕೇಳುತ್ತದೆ: 'ಅದೇನು?' ಹಿರಿಯರು ತಲೆ ಎತ್ತಿಯೂ ನೋಡದೆ ಹೇಳುತ್ತಾರೆ: 'ಹದ್ದು.' ಅಲ್ಲಿಗೆ ಪ್ರಶ್ನೆಯೂ ಮುಗಿಯಿತು, ಉತ್ತರವೂ ಮುಗಿಯಿತು.

ಉತ್ತರ ತಪ್ಪೇನಲ್ಲ. ಆದರೆ ಒಂದು ಹೆಸರು ಎರಡು ಕೆಲಸ ಮಾಡಬಲ್ಲದು. ಅದು ಪ್ರಶ್ನೆಯ ಬಾಯಿಯನ್ನು ಮುಚ್ಚಬಹುದು, ಇಲ್ಲವೇ ಮುಂದಿನ ಪ್ರಶ್ನೆಯ ಬಾಗಿಲನ್ನು ತೆರೆಯಬಹುದು. ಹದ್ದಿಗೆ ಪ್ರಾಚೀನ ರೋಮಿನವರು ಇಟ್ಟಿದ್ದ ಹೆಸರನ್ನೇ ತೆಗೆದುಕೊಳ್ಳಿ. ಅವರ ಲ್ಯಾಟಿನ್ ಭಾಷೆಯಲ್ಲಿ ಅದು 'ಅಕ್ವಿಲ'. ಎಲ್ಲಿಯ ರೋಮ್, ಎಲ್ಲಿಯ ಸಿರಿಗೆರೆ ಎಂದು ನಗಬೇಡಿ. ಈ ಒಂದು ಪದದ ಹಿಂದೆ ಹೊರಟರೆ ಕನ್ನಡ ವ್ಯಾಕರಣದ ತರಗತಿ, ದೇವರ ಮುಂದಿನ ಅಗರಬತ್ತಿ, ಶ್ರಾವಣದ ಆಕಾಶ ಎಲ್ಲವೂ ದಾರಿಯಲ್ಲಿ ಸಿಗುತ್ತವೆ.

ಕಂಬದ ಮೇಲಿನ ಹದ್ದು

ರೋಮಿನವರಿಗೆ ಹದ್ದು ಬರೀ ಹಕ್ಕಿಯಾಗಿರಲಿಲ್ಲ. ಅವರ ದೇವರಾಜ ಜುಪಿಟರನ ಹಕ್ಕಿ ಅದು. ಅವರ ಸೈನ್ಯದ ದಳಗಳು ಮೊದಲು ಹದ್ದು, ತೋಳ, ಕುದುರೆ, ಕಾಡುಹಂದಿ ಹೀಗೆ ಬೇರೆ ಬೇರೆ ಲಾಂಛನಗಳನ್ನು ಹೊತ್ತು ನಡೆಯುತ್ತಿದ್ದವು. ಕ್ರಿ.ಪೂ. 104ರಲ್ಲಿ ಸೇನಾನಿ ಮಾರಿಯಸ್ ಉಳಿದವನ್ನೆಲ್ಲ ಬದಿಗಿಟ್ಟು ಹದ್ದೊಂದನ್ನೇ ಎಲ್ಲ ದಳಗಳ ಗುರುತಾಗಿ ಮಾಡಿದ. ಉದ್ದನೆಯ ಕೋಲಿನ ತುದಿಯಲ್ಲಿ ರೆಕ್ಕೆ ಬಿಚ್ಚಿದ ಲೋಹದ ಹದ್ದು. ಅದನ್ನು ಹೊರುವ ಯೋಧನಿಗೆ 'ಅಕ್ವಿಲಿಫರ್', ಎಂದರೆ ಹದ್ದು ಹೊರುವವನು ಎಂಬ ಬಿರುದು.

ಕ್ರಿ.ಪೂ. 55ರಲ್ಲಿ ಸೀಸರನ ಹಡಗುಗಳು ಬ್ರಿಟನ್ನಿನ ತೀರ ಮುಟ್ಟಿದಾಗ ಆಳವಾದ ನೀರಿಗೆ ಇಳಿಯಲು ಸೈನಿಕರು ಹಿಂಜರಿದರು. ಆಗ ಹತ್ತನೆಯ ದಳದ ಹದ್ದು ಹೊತ್ತವನು ಒಬ್ಬನೇ ನೀರಿಗೆ ಧುಮುಕಿ ದಡದ ಕಡೆಗೆ ನಡೆದನಂತೆ. ಹದ್ದನ್ನು ಶತ್ರುವಿಗೆ ಬಿಟ್ಟುಕೊಡುವುದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲವಾದ್ದರಿಂದ ಉಳಿದವರೂ ಅವನ ಹಿಂದೆ ಹಾರಿದರು. ಸೀಸರನೇ ಇದನ್ನು ಬರೆದಿಟ್ಟಿದ್ದಾನೆ. ಆದರೆ ಆ ಧೈರ್ಯಶಾಲಿಯ ಹೆಸರನ್ನು ಹೇಳಿಲ್ಲ.

ಹದ್ದಿನ ಹೆಸರಿಗಾಗಿ ಪ್ರಾಣ ಕೊಡುವ ಮಾತು ಕನ್ನಡ ನಾಡಿಗೆ ಹೊಸದಲ್ಲ. ಹೊಯ್ಸಳರ ಕಾಲದಲ್ಲಿ ದೊರೆಯೊಡನೆ ಬದುಕಿ ದೊರೆಯೊಡನೆ ಸಾಯುವ ಪ್ರತಿಜ್ಞೆ ಮಾಡಿದ ವೀರರಿಗೆ 'ಗರುಡ' ಎಂಬ ಹೆಸರಿತ್ತು. ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಕಥೆಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇಂದಿಗೂ ಹೇಳುತ್ತದೆ. ಅಲ್ಲಿಗೆ ಶಾಲಾ ಪ್ರವಾಸ ಹೋದವರು ಗೋಡೆಯ ಶಿಲ್ಪಗಳನ್ನು ನೋಡಿ ಈ ಕಂಬವನ್ನು ದಾಟಿ ಹೋಗುವುದೇ ಹೆಚ್ಚು. ರೋಮಿನಲ್ಲಿ ಹದ್ದು ಕೋಲಿನ ಮೇಲಿತ್ತು. ದ್ವಾರಸಮುದ್ರದಲ್ಲಿ ಮನುಷ್ಯನೇ ಗರುಡನಾಗಿದ್ದ. ವ್ಯತ್ಯಾಸ ಅಷ್ಟೆ.

ಕ, ತ, ಪ. ಗ, ದ, ಬ

ರೋಮ್ ಸಾಮ್ರಾಜ್ಯ ಬಿತ್ತು, ಭಾಷೆ ಉಳಿಯಿತು. ಉಳಿದದ್ದು ಹಾಗೆಯೇ ಉಳಿಯಲಿಲ್ಲ. ಊರೂರಿಗೆ ಬೇರೆಯಾಗುತ್ತ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ಎಂಬ ಭಾಷೆಗಳಾಯಿತು. 'ಅಕ್ವಿಲ' ಇಟಲಿಯಲ್ಲಿ 'ಅಕ್ವಿಲ'ವಾಗಿಯೇ ಉಳಿಯಿತು. ಸ್ಪೇನಿನಲ್ಲಿ ಅದು 'ಆಗಿಲ' ಆಯಿತು. ಪೋರ್ಚುಗಲ್ಲಿನಲ್ಲಿ 'ಆಗಿಯ'. ಫ್ರಾನ್ಸಿನಲ್ಲಿ 'ಏಗ್ಲ್'. ಆ ಫ್ರೆಂಚ್ ಪದ ಕಡಲುಗಾಲುವೆ ದಾಟಿ ಇಂಗ್ಲಿಷಿನ 'ಈಗಲ್' ಆಯಿತು. ನಮ್ಮ ಮಕ್ಕಳು ಇ ಫಾರ್ ಈಗಲ್ ಎನ್ನುವಾಗ ಅವರ ಬಾಯಲ್ಲಿ ಹಾರುವುದು ಇದೇ ಲ್ಯಾಟಿನ್ ಹದ್ದಿನ ಮೊಮ್ಮಗು.

ಇಲ್ಲೊಂದು ಸ್ವಾರಸ್ಯವಿದೆ. 'ಅಕ್ವಿಲ'ದಲ್ಲಿದ್ದ ಕಕಾರ 'ಆಗಿಲ'ದಲ್ಲಿ ಗಕಾರವಾದದ್ದು ಹೇಗೆ? ಎಂಟನೆಯ ತರಗತಿಯ ಹುಡುಗ ಹುಡುಗಿಯರಿಗೆ ಉತ್ತರ ಗೊತ್ತು. ಗೊತ್ತೆಂಬುದು ಮಾತ್ರ ಗೊತ್ತಿಲ್ಲ. ಆದೇಶ ಸಂಧಿಯನ್ನು ಅವರು ಬಾಯಿಪಾಠ ಮಾಡಿದ್ದಾರೆ: ಉತ್ತರ ಪದದ ಮೊದಲಿಗೆ ಇರುವ ಕ, ತ, ಪ ಗಳಿಗೆ ಗ, ದ, ಬ ಗಳು ಆದೇಶವಾಗಿ ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಉದಾಹರಣೆಗೆ ಪುಸ್ತಕದವರೆಗೆ ಹೋಗಬೇಕಾಗಿಯೂ ಇಲ್ಲ. ಸಿರಿ ಮತ್ತು ಕೆರೆ ಸೇರಿದರೆ ಸಿರಿಗೆರೆ!

ಈಗ ಲ್ಯಾಟಿನ್ ಕಡೆ ನೋಡಿ. ಗೆಳೆಯನಿಗೆ ಅಲ್ಲಿ 'ಅಮಿಕುಸ್', ಸ್ಪ್ಯಾನಿಷಿನಲ್ಲಿ 'ಅಮಿಗೊ', ಕಕಾರ ಗಕಾರವಾಯಿತು. ಬದುಕಿಗೆ 'ವೀತ', ಸ್ಪ್ಯಾನಿಷಿನಲ್ಲಿ 'ವಿದ', ತಕಾರ ದಕಾರವಾಯಿತು. ತೋಳಕ್ಕೆ 'ಲುಪುಸ್', ಸ್ಪ್ಯಾನಿಷಿನಲ್ಲಿ 'ಲೊಬೊ', ಪಕಾರ ಬಕಾರವಾಯಿತು. ನೀರಿಗೆ 'ಅಕ್ವ', ಸ್ಪ್ಯಾನಿಷಿನಲ್ಲಿ 'ಆಗ್ವ'. ಹದ್ದಿಗೆ 'ಅಕ್ವಿಲ', ಸ್ಪ್ಯಾನಿಷಿನಲ್ಲಿ 'ಆಗಿಲ'. ಕ, ತ, ಪ ಹೋಗಿ ಗ, ದ, ಬ ಬಂದಿವೆ. ಕನ್ನಡದಲ್ಲಿ ಇದು ಎರಡು ಪದಗಳು ಕೂಡುವ ಜಾಗದಲ್ಲಿ ನಡೆಯುತ್ತದೆ, ಸ್ಪ್ಯಾನಿಷಿನಲ್ಲಿ ಒಂದೇ ಪದದ ಹೊಟ್ಟೆಯೊಳಗೆ ನಡೆಯಿತು. ಆದರೆ ನಡೆದ ಕೆಲಸ ಒಂದೇ.

ಹಾಗಾದರೆ ಅವರು ನಮ್ಮಿಂದ ಕಲಿತರೆ, ನಾವು ಅವರಿಂದ ಕಲಿತೆವೆ? ಎರಡೂ ಅಲ್ಲ. ಇದು ಮನುಷ್ಯನ ಗಂಟಲಿನ ಸ್ವಭಾವ. ಕೊರಳಿನ ಮೇಲೆ ಎರಡು ಬೆರಳಿಟ್ಟು 'ಅಗ' ಎನ್ನಿ. ಉದ್ದಕ್ಕೂ ಒಂದು ನಡುಕ ತಿಳಿಯುತ್ತದೆ. 'ಅಕ' ಎನ್ನಿ, ಕಕಾರದ ಜಾಗದಲ್ಲಿ ಆ ನಡುಕ ಒಂದು ಕ್ಷಣ ನಿಲ್ಲುತ್ತದೆ. ಹಿಂದೆಯೂ ಸ್ವರ, ಮುಂದೆಯೂ ಸ್ವರ ಇದ್ದಾಗ ನಡುವೆ ನಿಲ್ಲಿಸಿ ಮತ್ತೆ ಶುರುಮಾಡುವುದು ಕಷ್ಟ. ನಡುಕವನ್ನು ಹಾಗೆಯೇ ಮುಂದುವರಿಸುವುದು ಸುಲಭ. ಮುಂದುವರಿಸಿದರೆ ಕಕಾರ ತಾನಾಗಿ ಗಕಾರವಾಗುತ್ತದೆ. ಸಂಸ್ಕೃತದಲ್ಲಿ ವಾಕ್ ಮತ್ತು ಈಶ ಸೇರಿ ವಾಗೀಶ ಆಗುವ ಜಶ್ತ್ವ ಸಂಧಿಯೂ ಈ ಗಂಟಲಿನದೇ ಕೆಲಸ.

ಎಲ್ಲ ಕಡೆ ಹೀಗೆ ಆಗಲೇಬೇಕೆಂದೇನೂ ಇಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ಚಳ್ಳಗೆರೆಯಾಗಲಿಲ್ಲ. ಇಟಲಿಯ 'ಅಕ್ವಿಲ'ವೂ ಬದಲಾಗಲಿಲ್ಲ. ಹೀಗಾಗಿ ಇಟಲಿಯವರದು ಚಳ್ಳಕೆರೆಯ ದಾರಿ, ಸ್ಪೇನಿನವರದು ಸಿರಿಗೆರೆಯ ದಾರಿ ಎಂದು ನೆನಪಿಟ್ಟುಕೊಂಡರೆ ಸಾಕು.

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಲ್ಲಿ, ಅವರಿಗಿಂತ ಹೆಚ್ಚಾಗಿ ಅವರ ಪೋಷಕರಲ್ಲಿ ಒಂದು ಅಳುಕು ಇರುತ್ತದೆ. ಈ ಸಂಧಿ ಸಮಾಸಗಳೆಲ್ಲ ಪರೀಕ್ಷೆಯ ಎರಡು ಅಂಕಕ್ಕೆ, ಊರ ಗಡಿ ದಾಟಿದ ಮೇಲೆ ಇವುಗಳಿಂದ ಏನು ಪ್ರಯೋಜನ ಎಂಬ ಅಳುಕು. ಪ್ರಯೋಜನ ಇಲ್ಲಿದೆ. ತನ್ನ ಊರ ಹೆಸರಿನಲ್ಲಿ ಕಲಿತ ನಿಯಮವನ್ನು ಕೈಯಲ್ಲಿ ಹಿಡಿದು ಹೋದ ಹುಡುಗಿಗೆ ಸ್ಪೇನಿನ ಭಾಷೆಯ ಬಾಗಿಲು ಅರ್ಧ ತೆರೆದೇ ಇರುತ್ತದೆ. ಬಾಯಿಪಾಠ ಮಾಡಿದ ನಿಯಮ ಅಂಕ ತರುತ್ತದೆ. ಅರ್ಥವಾದ ನಿಯಮ ದೂರ ಕರೆದೊಯ್ಯುತ್ತದೆ.

ಹದ್ದಿಲ್ಲದ ಹದ್ದಿನ ಮರ

ಪದಗಳು ಹೀಗೆ ನಿಯಮದಿಂದ ಬದಲಾಗುವುದೂ ಉಂಟು, ಕಿವಿಯ ತಪ್ಪಿನಿಂದ ಬದಲಾಗುವುದೂ ಉಂಟು. ಎರಡನೆಯದಕ್ಕೆ ಉದಾಹರಣೆ ನಮ್ಮ ಮನೆಯ ದೇವರ ಗೂಡಿನಲ್ಲೇ ಇದೆ.

ಅಗರಬತ್ತಿ ಎಂಬ ಹೆಸರು ಬಂದಿರುವುದು ಅಗರು ಅಥವಾ ಅಗುರು ಎಂಬ ಪರಿಮಳದ ಮರದಿಂದ. ಹಳಗನ್ನಡದಲ್ಲಿ ಅದಕ್ಕೆ 'ಅಗಿಲ್' ಎಂಬ ಹೆಸರಿದೆ. ತಮಿಳು, ಮಲಯಾಳಗಳಲ್ಲಿಯೂ ಅದೇ ಪದ. ಬರೆಯುವಾಗ ಕಕಾರ, ನುಡಿಯುವಾಗ ಗಕಾರ. ಈ ಮರದ ವಿಶೇಷವೆಂದರೆ ಆರೋಗ್ಯವಾಗಿರುವ ಮರಕ್ಕೆ ಪರಿಮಳವೇ ಇಲ್ಲ. ಕಾಂಡಕ್ಕೆ ಗಾಯವಾಗಿ, ಅಲ್ಲಿ ಶಿಲೀಂಧ್ರ ಸೇರಿಕೊಂಡಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳವನ್ನು ಸುರಿಸುತ್ತದೆ. ಆ ರಾಳ ತುಂಬಿದ ಕಟ್ಟಿಗೆಗೆ ಜಗತ್ತಿನಾದ್ಯಂತ ಚಿನ್ನದ ಬೆಲೆ.

1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು. ಪಶ್ಚಿಮ ಕರಾವಳಿಯ ಪೇಟೆಗಳಲ್ಲಿ 'ಅಗಿಲ್' ಎಂಬ ಮಾತು ಅವರ ಕಿವಿಗೆ ಬಿತ್ತು. ಅವರಿಗೆ ಅದು ತಮ್ಮ ಕಡೆಯ ಹದ್ದಿನ ಹೆಸರಿನಂತೆ ಕೇಳಿಸಿತು. 'ಆಗಿಲ ಮರ' ಎಂದು ಕರೆದರು. ಅದು ಯೂರೋಪಿಗೆ ಹೋದಾಗ ಪಂಡಿತರು ಶುದ್ಧ ಲ್ಯಾಟಿನ್ನಿಗೆ ತಿರುಗಿಸಿ ಹದ್ದಿನ ಕಟ್ಟಿಗೆ ಎಂದೇ ಬರೆದರು. ಫ್ರೆಂಚರು, ಜರ್ಮನ್ನರು, ಇಂಗ್ಲಿಷರು ತಂತಮ್ಮ ಭಾಷೆಯಲ್ಲಿ ಹದ್ದಿನ ಮರ ಎಂದರು. ಕೊನೆಗೆ 1783ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಮಾರ್ಕ್ ಈ ಮರದ ಕುಲಕ್ಕೆ 'ಅಕ್ವಿಲೇರಿಯ' ಎಂದು ನಾಮಕರಣ ಮಾಡಿದ. ಹದ್ದಿಗೂ ಆ ಮರಕ್ಕೂ ಯಾವ ಸಂಬಂಧವೂ ಇಲ್ಲ. ದಕ್ಷಿಣ ಭಾರತದ ಒಂದು ಪದ ಹಡಗು ಹತ್ತಿ ಹೋಗಿ ಲ್ಯಾಟಿನ್ ವೇಷ ಹಾಕಿಕೊಂಡು ಸಸ್ಯಶಾಸ್ತ್ರದ ಪುಸ್ತಕದಲ್ಲಿ ಕುಳಿತಿದೆ. ಸಸ್ಯಗಳ ವೈಜ್ಞಾನಿಕ ಹೆಸರೆಲ್ಲ ಪರದೇಶದ ಸರಕು ಎಂದುಕೊಂಡು ಹೆದರುವ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಹೆಸರು ಉಳಿಯಿತು, ಮರಕ್ಕೆ ಕಷ್ಟ ಬಂತು. ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಬೆಳೆಯುವ ಅಕ್ವಿಲೇರಿಯ ಮಲಕ್ಕೆನ್ಸಿಸ್ ಮರವನ್ನು ರಾಳದ ಆಸೆಗೆ ಎಷ್ಟು ಕಡಿದರೆಂದರೆ, 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿದೆ. ಇಂದು ಅದು ಅಳಿವಿನ ತೀರಾ ಅಂಚಿನಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಇತ್ತೀಚಿನ ದಶಕಗಳಲ್ಲಿ ನಮ್ಮ ಮಲೆನಾಡಿನ ಕೆಲವು ಅಡಿಕೆ ತೋಟಗಳಲ್ಲೂ ಇದನ್ನು ನೆಟ್ಟಿದ್ದಾರೆ. ನಾವು ದಿನವೂ ಹಚ್ಚುವ ಸಾಮಾನ್ಯ ಅಗರಬತ್ತಿಯಲ್ಲಂತೂ ಅಗರು ಹೆಸರಿಗೆ ಮಾತ್ರ.

ತೊಟ್ಟಿಲ ಹೆಸರು

ಮನುಷ್ಯರಿಗೂ ಅಕ್ವಿಲ ಎಂಬ ಹೆಸರಿತ್ತು. ಸೀಸರನ ವಿಜಯದ ಮೆರವಣಿಗೆ ಹಾದುಹೋಗುವಾಗ ಎದ್ದು ನಿಲ್ಲದೆ ಅವನ ಕೋಪಕ್ಕೆ ಗುರಿಯಾದ ಪೊಂಟಿಯಸ್ ಅಕ್ವಿಲ, ಕ್ರಿ.ಪೂ. 44ರಲ್ಲಿ ಸೀಸರನನ್ನು ಕೊಂದವರ ಗುಂಪಿನಲ್ಲಿದ್ದ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಬರುವ ಅಕ್ವಿಲ ಮಾತ್ರ ಶಾಂತ ಸ್ವಭಾವದ ಗೃಹಸ್ಥ. ಕಸುಬು ಗುಡಾರ ಹೊಲಿಯುವುದು. ರೋಮಿನಿಂದ ಹೊರಹಾಕಲ್ಪಟ್ಟ ಮೇಲೆ ಕೊರಿಂಥ ಪಟ್ಟಣದಲ್ಲಿ ಹೆಂಡತಿ ಪ್ರಿಸ್ಕಿಲ್ಲಳೊಂದಿಗೆ ನೆಲೆಸಿ, ಅದೇ ಕಸುಬಿನ ಪೌಲನಿಗೆ ಮನೆಯಲ್ಲಿ ಜಾಗ ಕೊಟ್ಟವನು. ಇವನಿಂದಾಗಿ ಈ ಹೆಸರು ಕ್ರೈಸ್ತ ಕುಟುಂಬಗಳಲ್ಲಿ ಉಳಿದು ಬಂತು. ಲ್ಯಾಟಿನ್ನಿನಲ್ಲಿ ಇದು ಸ್ತ್ರೀಲಿಂಗದ ಪದ, ಇಟ್ಟುಕೊಂಡವರು ಗಂಡಸರು. ಈಗ ಹೆಣ್ಣುಮಕ್ಕಳಿಗೂ ಇಡುತ್ತಾರೆ.

ಹೊಸ ಹೆಸರು ಹುಡುಕುವ ನಮ್ಮ ತಂದೆತಾಯಿಗಳು ಇಲ್ಲೊಂದು ಎಚ್ಚರ ವಹಿಸಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರ ಕೇಳಿಸುವ ಹೆಸರುಗಳು ಎರಡಿವೆ. ಒಂದು, ಸಂಸ್ಕೃತದ ಅಖಿಲಾ. ಖಿಲ ಎಂದರೆ ಖಾಲಿ ಬಿದ್ದದ್ದು, ಕೊರತೆ. ಅದು ಇಲ್ಲದ್ದು ಅಖಿಲ, ಎಂದರೆ ಪೂರ್ಣ. ಇನ್ನೊಂದು, ಅರಬ್ಬಿಯ ಆಕಿಲಾ. ಬುದ್ಧಿವಂತೆ ಎಂದು ಅರ್ಥ. ಉತ್ತರ ಕರ್ನಾಟಕದ ಆಡುಮಾತಿನ 'ಅಕಲ್' ಇದರ ಬಂಧುವೇ. ಮೂರನೆಯದು ಲ್ಯಾಟಿನ್ನಿನ ಅಕ್ವಿಲ, ಹದ್ದು. ಪೂರ್ಣೆ, ಬುದ್ಧಿವಂತೆ, ಹದ್ದು ಎಂಬ ಈ ಮೂವರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸುಲಭವಾಗಿ ಬಂದು ಕೂರುತ್ತಾರೆ. ಕನ್ನಡದಲ್ಲಿ ಬರೆದರೆ ಅಲ್ಪಪ್ರಾಣ, ಮಹಾಪ್ರಾಣ, ದೀರ್ಘ, ಒತ್ತಕ್ಷರಗಳು ಮೂವರನ್ನೂ ಬೇರೆ ಬೇರೆ ಮಣೆಯ ಮೇಲೆ ಕೂರಿಸುತ್ತವೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಬರೆಸಿದ ಕಾಗುಣಿತವೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಎಲ್ಲ ದಾಖಲೆಗಳಿಗೆ ಹೋಗುತ್ತದೆ. ಒಂದು ಅಕ್ಷರದ ಆತುರಕ್ಕೆ ಇಪ್ಪತ್ತು ವರ್ಷದ ಮೇಲೆ ಕಚೇರಿ ಅಲೆಯುವುದು ಬೇಡ. ಮೊದಲು ಕನ್ನಡದಲ್ಲಿ ಬರೆದು, ಅರ್ಥ ಕೇಳಿ, ಆಮೇಲೆ ಇಂಗ್ಲಿಷಿಗೆ ಇಳಿಸುವುದು ಒಳ್ಳೆಯದು.

ಹದ್ದಿನ ಹೆಸರೇ ಬೇಕೆಂದರೆ ರೋಮಿಗೆ ಹೋಗಬೇಕಾಗಿಯೂ ಇಲ್ಲ. ಆಕಾಶದಲ್ಲಿ ಅಕ್ವಿಲ ಎಂಬ ನಕ್ಷತ್ರಪುಂಜವೊಂದಿದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಟಾಲೆಮಿ ಪಟ್ಟಿ ಮಾಡಿದ 48 ಪುಂಜಗಳಲ್ಲಿ ಅದೂ ಒಂದು. ಅದರ ಅತ್ಯಂತ ಪ್ರಕಾಶಮಾನ ನಕ್ಷತ್ರ ಆಲ್ಟೇರ್. 'ಹಾರುವ ಹದ್ದು' ಎಂಬರ್ಥದ ಅರಬ್ಬಿ ಮಾತಿನ ತುಂಡು. ಅದರ ಅಕ್ಕಪಕ್ಕ ಎರಡು ಸಣ್ಣ ನಕ್ಷತ್ರಗಳು. ನಮ್ಮ ಹಿರಿಯರಿಗೆ ಈ ಮೂರು ಚುಕ್ಕಿಗಳೇ ಶ್ರವಣ ನಕ್ಷತ್ರ. ಹುಣ್ಣಿಮೆಯ ಚಂದ್ರ ಇದರ ಹತ್ತಿರ ಬರುವ ತಿಂಗಳೇ ಶ್ರಾವಣ. ಮೂರು ಚುಕ್ಕಿಗಳು ತ್ರಿವಿಕ್ರಮನ ಮೂರು ಹೆಜ್ಜೆಗಳೆಂಬ ನಂಬಿಕೆಯೂ ಇದೆ. ಈ ನಕ್ಷತ್ರದ ಅಧಿದೇವತೆ ವಿಷ್ಣು, ಅವನ ವಾಹನ ಗರುಡ. ಅವರು ಹಕ್ಕಿಯನ್ನು ಕಂಡ ಜಾಗದಲ್ಲಿ ನಮ್ಮವರು ಹಕ್ಕಿಯನ್ನೇರಿದವನ ಹೆಜ್ಜೆಯನ್ನು ಕಂಡರು. ಆದ್ದರಿಂದ ಮನೆಯಲ್ಲಿ ಶ್ರಾವಣಿ ಎಂಬ ಮಗಳಿದ್ದರೆ ಅವಳ ಹೆಸರಿನಲ್ಲಿ ಆಗಲೇ ಆಕಾಶದ ಹದ್ದು ಕುಳಿತಿದೆ ಎನ್ನಬಹುದು. ಆದರೆ ಶ್ರವಣಬೆಳಗೊಳವನ್ನು ಈ ಸಾಲಿಗೆ ಸೇರಿಸಬೇಡಿ. ಅಲ್ಲಿನ ಶ್ರವಣ ಬಂದಿರುವುದು ಜೈನ ಮುನಿ ಎಂಬರ್ಥದ ಶ್ರಮಣದಿಂದ.

ಆಗಸ್ಟ್ ತಿಂಗಳ ನಡುವೆ ರಾತ್ರಿ ಹತ್ತೂವರೆಯ ಹೊತ್ತಿಗೆ, ಸೆಪ್ಟೆಂಬರ್ ನಡುವೆ ಎಂಟೂವರೆಯ ಹೊತ್ತಿಗೆ ಮೋಡ ಸರಿದ ರಾತ್ರಿ ಅಂಗಳಕ್ಕೆ ಬಂದರೆ, ಚಿತ್ರದುರ್ಗ ಸೀಮೆಯ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಆಲ್ಟೇರ್ ಇರುತ್ತದೆ. ಅದರ ಬೆಳಕು ಇಲ್ಲಿಗೆ ತಲುಪಲು ಸುಮಾರು 17 ವರ್ಷ ಬೇಕು. ಪಿಯುಸಿ ಓದುವ ವಿದ್ಯಾರ್ಥಿ ಇಂದು ರಾತ್ರಿ ಕಾಣುವ ಬೆಳಕು, ಅವನು ತೊಟ್ಟಿಲಲ್ಲಿದ್ದಾಗ ಅಲ್ಲಿಂದ ಹೊರಟದ್ದು.

ಹೆಸರಿನ ಹಿಂದಿನ ಹಕ್ಕಿ

ಹಾರುವ ಯಂತ್ರಗಳಿಗೆ ಹೆಸರಿಡುವಾಗಲೂ ಮನುಷ್ಯ ಹಳೆಯದನ್ನೇ ಹುಡುಕುತ್ತಾನೆ. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿದ ನೌಕೆಯ ಹೆಸರು ಈಗಲ್. ಎತ್ತರದಿಂದ ಅಂತರ್ಜಾಲ ಸೇವೆ ಕೊಡಲೆಂದು ಫೇಸ್‌ಬುಕ್ ಕಂಪೆನಿ ರೂಪಿಸಿದ, ಸೌರಶಕ್ತಿಯ ಮಾನವರಹಿತ ವಿಮಾನದ ಹೆಸರು ಅಕ್ವಿಲ. 2016ರಲ್ಲಿ ಮೊದಲು ಹಾರಿತು, 2018ರಲ್ಲಿ ಆ ಯೋಜನೆ ಕೊನೆಗೊಂಡಿತು. ಚಿತ್ರದುರ್ಗ ಜಿಲ್ಲೆಯದೇ ಆದ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇಸ್ರೋದ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಡಲಾಯಿತು. ಅದು ತಾನೇ ದಾರಿ ಹಿಡಿದು ಓಡುದಾರಿಗೆ ಬಂದು ಇಳಿಯಿತು. ಅದರ ಹೆಸರು ಪುಷ್ಪಕ.

ಹೆಸರು ಹೀಗೆ ಲೋಹದ ಕಂಬಕ್ಕೆ, ಮರಕ್ಕೆ, ಮಗುವಿಗೆ, ಚುಕ್ಕಿಗೆ, ಯಂತ್ರಕ್ಕೆ ಹಾರಿ ಹೋಯಿತು. ಹಕ್ಕಿಯ ಗತಿಯೇನು?

ಪ್ರಾಣಿಶಾಸ್ತ್ರದಲ್ಲಿ ಅಕ್ವಿಲ ಎಂಬುದು ಒಂದು ಕುಲದ ಹೆಸರು. ಜೀವಿಗಳಿಗೆ ಎರಡು ಮಾತಿನ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದವನು ಸ್ವೀಡನ್ನಿನ ಲಿನೇಯಸ್. ನಮ್ಮಲ್ಲಿ ಊರ ಹೆಸರು ಮೊದಲು, ತನ್ನ ಹೆಸರು ಆಮೇಲೆ ಬರುವಂತೆ ಇಲ್ಲಿಯೂ ಕುಲದ ಹೆಸರು ಮೊದಲು, ಪ್ರಭೇದದ ಹೆಸರು ಆಮೇಲೆ. ಹೊಂಬಣ್ಣದ ಹದ್ದು ಅಕ್ವಿಲ ಕ್ರಿಸೇಟಸ್. ಅದು ಹಿಮಾಲಯದ ಕಡೆಯದು. ನಮ್ಮ ಒಣ ಬಯಲುಗಳ ಕಂದು ಹದ್ದು ಅಕ್ವಿಲ ರಪಾಕ್ಸ್. ಬಂಡೆಗುಡ್ಡಗಳ ಮೇಲೆ ಬೇಟೆಯಾಡುವ ಬೊನೆಲ್ಲಿ ಹದ್ದು ಅಕ್ವಿಲ ಫೇಷಿಯೇಟ. ಇವುಗಳ ಕಾಲಿಗೆ ಬೆರಳಿನ ಬುಡದವರೆಗೂ ಗರಿ, ಪೈಜಾಮ ತೊಟ್ಟಂತೆ.

ಪೇಟೆಯ ಮೇಲೆ, ಮಾಂಸದ ಅಂಗಡಿಯ ಮೇಲೆ ಸುತ್ತುವ, ಬಾಲದ ತುದಿ ಕವಲೊಡೆದ ಹದ್ದು ಅಕ್ವಿಲ ಅಲ್ಲ. ಅದು ಮಿಲ್ವಸ್ ಕುಲದ್ದು. ಕೆರೆಯ ಬದಿಯಲ್ಲಿ ಕಾಣುವ, ಬಿಳಿ ತಲೆಯ, ಇಟ್ಟಿಗೆ ಬಣ್ಣದ ರೆಕ್ಕೆಯ ಹಕ್ಕಿಗೆ ನಮ್ಮವರು ಕೆನ್ನೆ ಬಡಿದುಕೊಂಡು ಕೈಮುಗಿಯುತ್ತಾರೆ. ಆ ಗರುಡವೂ ಅಕ್ವಿಲ ಅಲ್ಲ, ಅದರ ಕುಲವೇ ಬೇರೆ. ಹದ್ದು ಎಂಬ ಒಂದೇ ಮಾತಿನೊಳಗೆ ಇಷ್ಟೊಂದು ಹಕ್ಕಿಗಳು ಕುಳಿತಿವೆ.

ಹೆಸರು ಗೊತ್ತಿದ್ದರೆ ಏನು, ಇಲ್ಲದಿದ್ದರೆ ಏನು ಎಂದು ಕೇಳಬಹುದು. ವ್ಯತ್ಯಾಸವಿದೆ. ಪೇಟೆಯ ಹದ್ದು ಮನುಷ್ಯನ ಕಸದ ಜೊತೆ ಹೊಂದಿಕೊಂಡು ಬದುಕಿಕೊಂಡಿದೆ. ಬಯಲಿನ ಕಂದು ಹದ್ದು ಹಾಗಲ್ಲ. 2018ರಿಂದ ಅದು ಅಪಾಯಕ್ಕೆ ಸಿಲುಕಬಹುದಾದ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ಎರಡನ್ನೂ ಹದ್ದು ಎಂದೇ ಕರೆಯುವವನಿಗೆ ಒಂದು ಇಲ್ಲವಾದದ್ದು ತಿಳಿಯುವುದೇ ಇಲ್ಲ. ತಲೆ ಎತ್ತಿದಾಗ ಯಾವುದೋ ಒಂದು ಹಕ್ಕಿ ಸುತ್ತುತ್ತಿರುತ್ತದೆ. ಹದ್ದು ಇದೆಯಲ್ಲ ಎಂದುಕೊಂಡು ಅವನು ಮುಂದೆ ನಡೆಯುತ್ತಾನೆ. ಹೆಸರಿಟ್ಟು ಕರೆಯದ ಮಗು ಜಾತ್ರೆಯಲ್ಲಿ ಕಳೆದರೆ ಏನೆಂದು ಕೂಗುವುದು?

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಹೆದ್ದಾರಿಯಿಂದಲೇ ಕಾಣುತ್ತದೆ. ಹೊಗೆಯಿಲ್ಲದ ವಿದ್ಯುತ್ತು ನಮಗೆ ಬೇಕು. ಆದರೆ ಹದ್ದಿಗೆ ಏಣಿಯಾಗುವ ಗಾಳಿಯೂ ಅದೇ ಗುಡ್ಡಗಳದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳ್ಕೇವಾಡಿಯ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಳಿಯಂತ್ರವಿದ್ದ ಕಡೆ ಬೇಟೆಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಭಯ ತಪ್ಪಿದ್ದರಿಂದ ಹಲ್ಲಿಜಾತಿಯ ಪ್ರಾಣಿಗಳು ಹೆಚ್ಚಾಗಿದ್ದವು. ಮೇಲಿನ ಒಂದು ಕೊಂಡಿ ಸಡಿಲವಾದರೆ ಕೆಳಗಿನ ಲೆಕ್ಕವೆಲ್ಲ ಬದಲಾಗುತ್ತದೆ. ಹೊಲದ ಇಲಿಗಳನ್ನು ಹಿಡಿಯುವ ಹಕ್ಕಿಗಳೂ ಈ ಬೇಟೆಗಾರರ ಬಳಗದವೇ ಎಂಬುದನ್ನು ಶೇಂಗಾ, ಮೆಕ್ಕೆಜೋಳ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂದು ಮುಂದೆ ತೀರ್ಮಾನಿಸುವವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಮಕ್ಕಳೇ. ಯಾವ ಗುಡ್ಡದಲ್ಲಿ ಯಾವ ಹದ್ದು ಎಂದು ಅವರಿಗೆ ತಿಳಿದಿದ್ದರೆ ತೀರ್ಮಾನ ಒಂದು ಬಗೆ, ತಿಳಿಯದಿದ್ದರೆ ಇನ್ನೊಂದು ಬಗೆ.

ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು ನೋಟ್ ಪುಸ್ತಕ ಸಾಕು. ಕಂಡ ದಿನ, ಹೊತ್ತು, ಜಾಗ. ಬಾಲ ಕವಲೊಡೆದಿದೆಯೇ, ದುಂಡಗಿದೆಯೇ. ತಲೆ ಬಿಳಿಯೇ, ಕಂದೇ. ಕುಳಿತಾಗ ಕಾಲಿಗೆ ಗರಿ ಇದೆಯೇ. ಈ ನಾಲ್ಕು ಸಾಲು ಬರೆದಿಟ್ಟ ಮಗುವಿಗೆ ಒಂದು ವರ್ಷದಲ್ಲಿ ತನ್ನ ಊರಿನ ಆಕಾಶ ಪರಿಚಯವಾಗುತ್ತದೆ. 'ಹದ್ದಿನ ಕಣ್ಣು' ಎಂದು ನಾವು ಗಾದೆಯಂತೆ ಹೇಳುತ್ತೇವೆ. ಅಕ್ವಿಲ ಕುಲದ ಹಕ್ಕಿಗಳ ದೃಷ್ಟಿ ಮನುಷ್ಯನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಚುರುಕು ಎಂದು ಪರೀಕ್ಷೆಗಳು ತೋರಿಸಿವೆ. ಅಷ್ಟು ಎತ್ತರದಿಂದ ಅದು ನಮ್ಮನ್ನು ಸ್ಪಷ್ಟವಾಗಿ ನೋಡುತ್ತಿದೆ. ನಾವೂ ಒಮ್ಮೆ ಸರಿಯಾಗಿ ನೋಡುವುದರಲ್ಲಿ ತಪ್ಪಿಲ್ಲ.

ಮುಂದಿನ ಸಲ ಮಗು ಬೆರಳೆತ್ತಿ 'ಅದೇನು?' ಎಂದು ಕೇಳಿದಾಗ 'ಹದ್ದು' ಎಂದು ಹೇಳಿ ನಡೆದುಬಿಡಬೇಡಿ. 'ಯಾವ ಹದ್ದು, ನೋಡೋಣ ಬಾ' ಎಂದು ಹೇಳಿ. ಸಿರಿಗೆರೆಯ ಬಯಲಿನಲ್ಲಿ ಇಬ್ಬರೂ ತಲೆ ಎತ್ತಿ ನಿಂತಷ್ಟು ಹೊತ್ತು ಆ ಹಕ್ಕಿಯ ಹೆಸರು ಬದುಕಿರುತ್ತದೆ.